ಬೆಲ್ಟ್ ಬದಲಿಸಿದರೂ ರೀಲು ನುಂಗುವ ಟೇಪ್ ರೆಕಾರ್ಡರ್: ಎಲ್ಲಿಂದ ಶುರುಮಾಡಬೇಕು, ಕ್ಯಾಸೆಟ್ ಯಾವಾಗ ಹಾಕಬೇಕು

ಅಟ್ಟದಿಂದ ಇಳಿಸಿದ ಟೂ-ಇನ್-ಒನ್ (ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಇರುವ ಸೆಟ್ಟು) ರಿಪೇರಿಗೆ ಕೂತವರ ದೂರು ಹೆಚ್ಚುಕಡಿಮೆ ಒಂದೇ. ಹೊಸ ಬೆಲ್ಟ್ ತರಿಸಿ ಹಾಕಿದ್ದಾಯಿತು, ಮೋಟರೂ ತಿರುಗುತ್ತದೆ, ಆದರೂ ಐದು ನಿಮಿಷಕ್ಕೆ ರೀಲು ಒಳಗೆ ಸುತ್ತಿಕೊಳ್ಳುತ್ತದೆ. ಇಲ್ಲವೇ ಹಾಡು ಅಳುತ್ತಾ ಬರುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ತಪ್ಪಿರುವುದು ಬೆಲ್ಟ್ ಅಲ್ಲ, ಕೆಲಸದ ಕ್ರಮ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿ, ಮೊದಲು ಮಾಡಬೇಕಾದ್ದನ್ನು ಬಿಟ್ಟೇಬಿಟ್ಟಿರುತ್ತಾರೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಯಂತ್ರ ಸರಿಯಾಗಿದೆಯೇ ಎಂದು ನೋಡಲು ಮನೆಯಲ್ಲಿ ಇರುವ ಒಂದೇ ಒಂದು ಅಪರೂಪದ ಕ್ಯಾಸೆಟ್ಟನ್ನೇ ಒಳಗೆ ತಳ್ಳುವುದು.

ಇಲ್ಲಿರುವ ಕ್ರಮ 1980–90ರ ದಶಕದ ಒಂದು ಕ್ಯಾಸೆಟ್ಟಿನ ಟೂ-ಇನ್-ಒನ್ ಸೆಟ್ಟನ್ನು ಮುಂದಿಟ್ಟುಕೊಂಡು ಬರೆದದ್ದು. ವಾಕ್‌ಮನ್‌ಗೂ ಇದೇ ಕ್ರಮ, ಸ್ಕ್ರೂ ಮಾತ್ರ ಸಣ್ಣವು. ಡಬಲ್ ಕ್ಯಾಸೆಟ್ ಸೆಟ್ಟಾದರೆ ಎರಡೂ ಬದಿಗೆ ಬೇರೆಬೇರೆಯಾಗಿ ಮಾಡಿ.

ಬೇಕಾಗುವ ಸಾಮಾನು

ಮೂರು ಅಳತೆಯ ಸ್ಟಾರ್ ಸ್ಕ್ರೂ ಡ್ರೈವರ್. ತುದಿಗೆ ಅಯಸ್ಕಾಂತ ಇರುವುದನ್ನು ಹೆಡ್ ಹತ್ತಿರ, ಅಂದರೆ ಟೇಪಿನಿಂದ ದನಿ ಓದುವ ಭಾಗದ ಹತ್ತಿರ ತರಬೇಡಿ. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್, ಅಂದರೆ ಅಂಗಡಿಯವರ ಮಾತಿನಲ್ಲಿ ಐಪಿಎ, 100 ಮಿ.ಲೀ. ಸಾಕು. ಕಿವಿಗೆ ಹಾಕುವ ಬಡ್ಸ್ ಒಂದು ಡಬ್ಬಿ, ಹಳೆಯ ಬನಿಯನ್ ಬಟ್ಟೆ, ಹಲ್ಲುಕಡ್ಡಿ, ತೆಳು ಕೈಗವಸು. ಹೊಲಿಗೆ ಯಂತ್ರದ ಎಣ್ಣೆ. ಉದ್ದ ನಳಿಕೆಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಮಲ್ಟಿಮೀಟರ್. ವೇಗ ಸರಿಪಡಿಸಲು ಪೂರಾ ಪ್ಲಾಸ್ಟಿಕ್ಕಿನ ಟ್ಯೂನಿಂಗ್ ಡ್ರೈವರ್. ದಾರ ಮತ್ತು ಸ್ಕೇಲು. ಇವೆಲ್ಲದರ ಜೊತೆಗೆ ಹಾಳಾದರೂ ಬೇಸರವಿಲ್ಲದ, ಐದು ಸ್ಕ್ರೂ ಇರುವ ಸಿ-60 (ಎರಡೂ ಬದಿ ಸೇರಿ 60 ನಿಮಿಷದ) ಕ್ಯಾಸೆಟ್ ಎರಡು. ಬೆಂಗಳೂರಿನವರಿಗೆ ಇದೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಉಳಿದವರು ಆನ್‌ಲೈನ್ ತರಿಸಿಕೊಳ್ಳಬಹುದು.

ಐಪಿಎ ಬದಲಿಗೆ ಕೈಗೆ ಸಿಕ್ಕಿದ್ದನ್ನು ಬಳಸುವುದು ಬಹಳ ಮಂದಿ ಮಾಡುವ ತಪ್ಪು. ಸ್ಯಾನಿಟೈಸರಿನಲ್ಲಿ ಚರ್ಮಕ್ಕೆಂದು ಗ್ಲಿಸರಿನ್ ಬೆರೆಸಿರುತ್ತಾರೆ, ಅದು ಹೆಡ್ ಮೇಲೆ ಜಿಡ್ಡಾಗಿ ಉಳಿಯುತ್ತದೆ. ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಇನ್ನು ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆ. ಅದು ಈ ಕೆಲಸದ ಆಸುಪಾಸಿಗೂ ಬರಬಾರದು.

ಹಂತ 1: ಬಿಚ್ಚುವ ಮೊದಲು ಸೆಲ್ ಪೆಟ್ಟಿಗೆ ಮತ್ತು ಕರೆಂಟ್

ಗೋಡೆಯ ಪ್ಲಗ್ಗಿಗೆ ಚುಚ್ಚುವ ಆತುರ ಬೇಡ. ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದು ನೋಡಿ. ಸ್ಪ್ರಿಂಗುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್ ಸೋರಿದ್ದು ಕ್ಷಾರ, ಅದಕ್ಕೆ ಬಡ್ಸಿನಲ್ಲಿ ಒಂದೆರಡು ಹನಿ ವಿನೆಗರ್. ಹಳೆಯ ಕಾಲದ ಸಾದಾ ಟಾರ್ಚ್ ಸೆಲ್ ಸೋರಿದ್ದು ಆಮ್ಲದ ಸ್ವಭಾವದ್ದು, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಎರಡರಲ್ಲಿ ಯಾವುದಾದರೂ ಆಮೇಲೆ ನೀರಿನ ಬಡ್ಸಿನಿಂದ ಒರೆಸಿ, ಕೊನೆಗೆ ಐಪಿಎಯಿಂದ ಒಣಗಿಸಿ. ಸ್ಪ್ರಿಂಗು ಹೊಳೆಯುವವರೆಗೆ ಮರಳುಕಾಗದ ಉಜ್ಜಬೇಡಿ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ.

ಮೊದಲ ಸಲ ಚಾಲೂ ಮಾಡುವುದು ಸೆಲ್‌ನಿಂದಲೇ ಆಗಲಿ. 6 ವೋಲ್ಟಿನ ಸೆಟ್ಟಿಗೆ ನಾಲ್ಕು, 9 ವೋಲ್ಟಿಗೆ ಆರು ಸೆಲ್ ಬೇಕು. ಅಡಾಪ್ಟರ್ ಬಳಸುವುದಾದರೆ ಪಿನ್ನಿನ ಪಕ್ಕದ ಗುರುತು ನೋಡಿ: ಹಳೆಯ ಎಷ್ಟೋ ಜಪಾನೀ ಸೆಟ್ಟುಗಳಲ್ಲಿ ನಡುವಿನದು ಮೈನಸ್, ಇಂದಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪ್ಲಸ್.

230 ವೋಲ್ಟಿನ ವೈರಿನ ಹೊದಿಕೆ ಬಾಗಿಸಿದಾಗ ಬಿರಿದರೆ ವೈರ್ ಬದಲಿಸಿ, ಟೇಪು ಸುತ್ತಿ ಕೆಲಸ ಸಾಗಿಸಬೇಡಿ. ಮೊದಲ ಸಲ ಗೋಡೆ ಕರೆಂಟ್ ಕೊಡುವಾಗ ಸೀರೀಸ್ ಬೋರ್ಡಿನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವ ಬೋರ್ಡಿನಲ್ಲಿ, 40 ಅಥವಾ 60 ವ್ಯಾಟಿನ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬಿನಿಂದ ಈ ಪರೀಕ್ಷೆ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ಅದರ ಮುಂದಿನದು ಶಾರ್ಟ್ ಆಗಿದೆ, ಅಲ್ಲಿಗೇ ನಿಲ್ಲಿಸಿ. ಈ ಪರೀಕ್ಷೆ ಮುಗಿದ ಮೇಲೆ ಪ್ಲಗ್ ತೆಗೆದಿಡಿ. ಮುಂದಿನ ಕೆಲಸವೆಲ್ಲ ಸೆಲ್ ಮೇಲೆಯೇ ನಡೆಯುತ್ತದೆ.

ಹಂತ 2: ಬಿಚ್ಚುವುದು

ಹಿಂಬದಿಯ ಮುಚ್ಚಳದಲ್ಲಿ ಐದಾರು ಉದ್ದ ಸ್ಕ್ರೂ ಇರುತ್ತವೆ. ಅವುಗಳಲ್ಲಿ ಒಂದೆರಡು ಸೆಲ್ ಪೆಟ್ಟಿಗೆಯೊಳಗೋ ಹಿಡಿಕೆಯ ಬುಡದಲ್ಲೋ ಅಡಗಿರುವುದು ಮಾಮೂಲು. ಎಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ಇನ್ನೊಂದು ಸ್ಕ್ರೂ ಉಳಿದಿದೆ ಎಂದೇ ತಿಳಿಯಿರಿ, ಮೀಟಿ ಎಬ್ಬಿಸಬೇಡಿ. ಏರಿಯಲ್ ಮತ್ತು ಸ್ಪೀಕರಿನ ವೈರುಗಳು ಮುಚ್ಚಳಕ್ಕೆ ಅಂಟಿಕೊಂಡಿರಬಹುದು, ಅದಕ್ಕೇ ಮೊದಲು ಎರಡು ಬೆರಳಷ್ಟೇ ತೆರೆದು ಇಣುಕಿ.

ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಒಂದು ಫೋಟೊ. ಬೆಲ್ಟ್ ಯಾವ ಪುಲ್ಲಿಯ ಎಡಕ್ಕೆ, ಯಾವುದರ ಬಲಕ್ಕೆ ಹೋಗಿದೆ ಎಂಬುದು ಬಹಳ ಮುಖ್ಯ. ಬೆಲ್ಟ್ ಕರಗಿ ಹೋಗಿದ್ದರೂ ಅದು ಬಿಟ್ಟ ಕಪ್ಪು ಗೆರೆ ದಾರಿ ತೋರಿಸುತ್ತದೆ, ಒರೆಸುವ ಮೊದಲು ಅದರ ಫೋಟೊ ತೆಗೆದಿಡಿ.

ಹಂತ 3: ಬೆಲ್ಟಿಗೆ ಮುಂಚೆ ಸ್ವಿಚ್ಚು

ಕ್ರಮ ತಪ್ಪುವುದು ಇಲ್ಲಿಂದಲೇ. ಸರ್ಕ್ಯೂಟ್ ಬೋರ್ಡಿನ ಮೇಲೆ ಉದ್ದನೆಯ, ಎರಡು ಸಾಲು ಕಾಲುಗಳಿರುವ ಜಾರುವ ಸ್ವಿಚ್ ಒಂದಿರುತ್ತದೆ. ರೆಕಾರ್ಡ್ ಕೀ ಒತ್ತಿದಾಗ ಸರಿದು, ಬಿಟ್ಟಾಗ ಸ್ಪ್ರಿಂಗಿನಿಂದ ಹಿಂದಕ್ಕೆ ಬರುವುದು ಅದೇ. ಹೆಡ್ಡನ್ನು ಓದಲು ಬಳಸಬೇಕೇ, ಬರೆಯಲು ಬಳಸಬೇಕೇ ಎಂದು ತೀರ್ಮಾನಿಸುವುದು ಈ ಸ್ವಿಚ್. ವರ್ಷಗಟ್ಟಲೆ ಒತ್ತದೆ ಬಿಟ್ಟರೆ ಒಳಗಿನ ಸಂಪರ್ಕಗಳು ಕಪ್ಪಾಗುತ್ತವೆ. ಪ್ಲೇ ಒತ್ತಿದ ಕೂಡಲೇ ಸೀಟಿಯಂಥ ಕಿರುಚು, ಒಂದೇ ಬದಿಯಲ್ಲಿ ಸದ್ದು, ಸೆಟ್ಟಿನ ತಲೆಗೆ ತಟ್ಟಿದಾಗ ಜೋರಾಗುವ ಹಾಡು ಇವೆಲ್ಲ ಅದರ ಲಕ್ಷಣ. ಇದನ್ನು ಹೆಡ್ ಹೋಗಿದೆ ಎಂದು ತಿಳಿದು ಹೊಸ ಹೆಡ್ ಹಾಕಿಸಿದವರಿಗೆ ಲೆಕ್ಕವಿಲ್ಲ.

ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರಿನ ನಳಿಕೆ ಇಟ್ಟು ಒಂದೆರಡು ಸಲ ಚಿಮುಕಿಸಿ, ರೆಕಾರ್ಡ್ ಕೀಯನ್ನು 25–30 ಸಲ ಒತ್ತಿಬಿಡಿ. ವಾಲ್ಯೂಮ್, ಟೋನ್ ತಿರುಗಣಿಗಳಿಗೂ ಹೀಗೇ ಮಾಡಿ. ಇದನ್ನು ಬೆಲ್ಟಿಗೆ ಮೊದಲೇ ಮಾಡುವುದಕ್ಕೆ ಕಾರಣವಿದೆ. ಸ್ಪ್ರೇಯ ಒಂದು ಹನಿ ಹೊಸ ಬೆಲ್ಟಿಗೋ ಟೇಪನ್ನು ಒತ್ತಿಹಿಡಿಯುವ ರಬ್ಬರಿನ ಪಿಂಚ್ ರೋಲರಿಗೋ ತಾಗಿದರೆ ಅದು ಜಾರತೊಡಗುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು.

ಹಂತ 4: ಕರಗಿದ ಬೆಲ್ಟಿನ ಡಾಂಬರು

ಕೆಲವು ಹಳೆಯ ಬೆಲ್ಟುಗಳು ಸಡಿಲವಾಗಿ ಜೋತುಬೀಳುತ್ತವೆ, ಅವನ್ನು ತೆಗೆಯುವುದು ಸುಲಭ. ಇನ್ನು ಕೆಲವು ಗಾಳಿಯ ತೇವಕ್ಕೆ ಒಳಗೊಳಗೇ ಕೊಳೆತು ಡಾಂಬರಾಗಿರುತ್ತವೆ. ಬೆರಳಿಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ, ಬಟ್ಟೆಗೆ ಹತ್ತಿದರೆ ಬಿಡುವುದೇ ಇಲ್ಲ. ಕೈಗವಸು ಹಾಕಿ, ಕೆಳಗೆ ಪೇಪರ್ ಹಾಸಿ.

ಮೊದಲು ಹಲ್ಲುಕಡ್ಡಿಯಿಂದ ಉಂಡೆಗಳನ್ನು ಎತ್ತಿ. ಬಳಿಕ ಬಡ್ಸನ್ನು ಐಪಿಎಯಲ್ಲಿ ಅದ್ದಿ, ಹಿಂಡಿ, ಬೆಲ್ಟ್ ತಿರುಗಿಸುವ ದೊಡ್ಡ ಭಾರದ ಚಕ್ರದ, ಅಂದರೆ ಫ್ಲೈವೀಲಿನ ಅಂಚನ್ನು ಒರೆಸಿ. ಒಂದು ಬಡ್ಸ್ ಕಪ್ಪಾದ ಕೂಡಲೇ ಎಸೆಯಿರಿ, ಅದರಲ್ಲೇ ಮುಂದುವರಿಸಿದರೆ ಕೊಳೆ ಜಾಗ ಬದಲಿಸುತ್ತದೆ ಅಷ್ಟೆ. ಇಪ್ಪತ್ತು ಮೂವತ್ತು ಬಡ್ಸ್ ಖರ್ಚಾಗುವುದು ಸಹಜ. ಕೊನೆಗೆ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಇರಬೇಕು.

ಹೆಚ್ಚು ಗಮನ ಬೇಕಾದ್ದು ಮೋಟರಿನ ಸಣ್ಣ ಹಿತ್ತಾಳೆ ಪುಲ್ಲಿಗೆ. ಅದರ ತೋಡಿನಲ್ಲಿ ಸಾಸಿವೆ ಕಾಳಿನಷ್ಟು ಡಾಂಬರು ಉಳಿದರೂ ಪ್ರತಿ ಸುತ್ತಿಗೂ ಬೆಲ್ಟ್ ಒಮ್ಮೆ ಎಗರುತ್ತದೆ, ಕೊಳಲಿನ ನೀಳ ಸ್ವರ ಆಡಿನ ದನಿಯಂತೆ ನಡುಗುತ್ತದೆ. ಹಲ್ಲುಕಡ್ಡಿಗೆ ಬಟ್ಟೆ ಸುತ್ತಿ ತೋಡಿಗೆ ಒತ್ತಿಹಿಡಿದು, ಪುಲ್ಲಿಯನ್ನು ಕೈಯಿಂದ ತಿರುಗಿಸಿ. ದ್ರವ ಪುಲ್ಲಿಯ ಬುಡದಿಂದ ಮೋಟರಿನೊಳಗೆ ಇಳಿಯಬಾರದು, ಬೇರಿಂಗಿನ ಎಣ್ಣೆ ತೊಳೆದುಹೋಗುತ್ತದೆ.

ಫ್ಲೈವೀಲನ್ನು ಹೊರಗೆಳೆದಿದ್ದರೆ ಅದರ ದಂಡದಲ್ಲಿ ಕಾಗದದಷ್ಟು ತೆಳುವಾದ ಒಂದೆರಡು ನೈಲಾನ್ ವಾಷರ್ ಇರುತ್ತವೆ. ಅವು ಎಣ್ಣೆಯ ಅಂಟಿಗೆ ಒಳಗೇ ಉಳಿಯುತ್ತವೆ, ಇಲ್ಲವೇ ಸದ್ದಿಲ್ಲದೆ ನೆಲಕ್ಕೆ ಬೀಳುತ್ತವೆ. ಹುಡುಕಿ ಎತ್ತಿಡಿ, ಅದಿಲ್ಲದಿದ್ದರೆ ಫ್ಲೈವೀಲ್ ಮೇಲೆಕೆಳಗೆ ಆಡುತ್ತದೆ. ದಂಡವನ್ನು ಒರೆಸಿ, ಗುಂಡುಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಮತ್ತೆ ಕೂರಿಸಿ. ಇನ್ನೊಂದು ಬದಿಯಿಂದ ಹೊರಬಂದ ಎಣ್ಣೆಯನ್ನು ಪೂರಾ ಒರೆಸಿ. ಅಡುಗೆಮನೆಯ ತೆಂಗಿನೆಣ್ಣೆ ಹಾಕುವವರೂ ಇದ್ದಾರೆ. ಅದು ಚಳಿಗಾಲದ ಬೆಳಿಗ್ಗೆ ಶೀಶೆಯಲ್ಲಿ ಹೇಗೆ ಗಟ್ಟಿಯಾಗುತ್ತದೋ ಬೇರಿಂಗಿನಲ್ಲೂ ಹಾಗೇ ಗಟ್ಟಿಯಾಗುತ್ತದೆ.

ಹಂತ 5: ಬೆಲ್ಟಿನ ಅಳತೆ

ಹಳೆಯ ಬೆಲ್ಟಿನ ಅಳತೆಗೇ ಹೊಸದನ್ನು ತಂದರೆ ಅದು ಸಡಿಲವಾಗುತ್ತದೆ, ಏಕೆಂದರೆ ಹಳೆಯದು ಆಗಲೇ ಹಿಗ್ಗಿರುತ್ತದೆ. ದಾರವನ್ನು ಬೆಲ್ಟ್ ಹೋಗುವ ದಾರಿಯಲ್ಲೇ ಪುಲ್ಲಿಗಳ ಸುತ್ತ ಬಿಗಿಯಾಗಿ ಹಾಯಿಸಿ, ಗುರುತು ಮಾಡಿ, ಸ್ಕೇಲಿನ ಮೇಲೆ ಅಳೆಯಿರಿ. ಬಂದ ಉದ್ದದಲ್ಲಿ 5ರಿಂದ 8 ಶೇಕಡಾ ಕಳೆಯಿರಿ. ದಾರ 200 ಮಿ.ಮೀ. ಬಂತೆನ್ನಿ, 6 ಶೇಕಡಾ ಕಳೆದರೆ 188. ಅಂಗಡಿಯವರು ವ್ಯಾಸ ಕೇಳಿದರೆ ಇದನ್ನು 3.14ರಿಂದ ಭಾಗಿಸಿ: ಸುಮಾರು 60 ಮಿ.ಮೀ. ಮಡಚಿದ ಉದ್ದ ಕೇಳಿದರೆ ಅರ್ಧ, ಅಂದರೆ 94. ಈ ಮೂರು ಲೆಕ್ಕಗಳಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳದೆ ಆರ್ಡರ್ ಮಾಡಬೇಡಿ.

ದಪ್ಪವೂ ಅಷ್ಟೇ ಮುಖ್ಯ. ಚೌಕ ಬೆಲ್ಟಾದರೆ 1.0, 1.2 ಅಥವಾ 1.6 ಮಿ.ಮೀ. ಇರುತ್ತದೆ. ಒಳ್ಳೆಯ ಡೆಕ್ಕುಗಳಲ್ಲಿ ಫ್ಲೈವೀಲಿಗೆ 4–5 ಮಿ.ಮೀ. ಅಗಲದ ಚಪ್ಪಟೆ ಬೆಲ್ಟ್. ಮೋಟರಿನ ಪುಲ್ಲಿ ಬಹಳ ಸಣ್ಣದಾದ್ದರಿಂದ 1.2ರ ಜಾಗಕ್ಕೆ 1.6 ಹಾಕಿದರೆ ಪುಲ್ಲಿಯೇ ದೊಡ್ಡದಾದಂತಾಗಿ ವೇಗ ಏರುತ್ತದೆ. ಬಿಗಿ ಹೆಚ್ಚಾದರೆ ಮೋಟರ್ ಏದುಸಿರು ಬಿಡುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬೆಲ್ಟ್ ಎರಡು ಮೂರು ಮಿ.ಮೀ. ಬಾಗಬೇಕು.

ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಮೋಟರ್ ತಿರುಗುತ್ತದೆಯೇ ಎಂದು ನೋಡುವುದಕ್ಕೂ ಬೇಡ. ಅದರ ದಪ್ಪ ಇಂಚಿಂಚಿಗೂ ಬೇರೆ. ಅದು ಕೆಲಸ ಮಾಡುವಂತೆ ಕಂಡು, ಅದನ್ನೇ ಬಿಟ್ಟುಬಿಡುವ ಆಸೆ ಹುಟ್ಟುತ್ತದೆ ಎಂಬುದೇ ಅದರ ಅಪಾಯ.

ಹಾಕುವಾಗ ಬೆಲ್ಟ್ ತಿರುಚಿಕೊಂಡಿಲ್ಲ ಎಂದು ನೋಡಿ, ಫ್ಲೈವೀಲನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ನಂಬರ್ ತೋರಿಸುವ ಕೌಂಟರಿನ ಸಣ್ಣ ಬೆಲ್ಟನ್ನು ಮರೆಯಬೇಡಿ. ಕೆಲವು ಸೆಟ್ಟುಗಳಲ್ಲಿ ಆಟೋ ಸ್ಟಾಪ್ ಅದನ್ನೇ ನಂಬಿಕೊಂಡಿರುತ್ತದೆ.

ಹಂತ 6: ಹೆಡ್, ಕ್ಯಾಪ್‌ಸ್ಟನ್, ಪಿಂಚ್ ರೋಲರ್

ರೀಲು ಸಿಕ್ಕಿಕೊಳ್ಳುವುದಕ್ಕೆ ನಿಜವಾದ ಕಾರಣಗಳು ಇಲ್ಲಿರುತ್ತವೆ. ರೀಲನ್ನು ಎಳೆಯುವುದು ಬಲಗಡೆಯ ಚಕ್ರ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಫ್ಲೈವೀಲಿನ ತುದಿಯಾಗಿ ಮೇಲೆ ಚಾಚಿರುವ ಉಕ್ಕಿನ ಕಡ್ಡಿಯೇ ಕ್ಯಾಪ್‌ಸ್ಟನ್. ಪಿಂಚ್ ರೋಲರ್ ಎಂಬ ರಬ್ಬರ್ ಚಕ್ರ ಟೇಪನ್ನು ಅದಕ್ಕೆ ಒತ್ತಿಹಿಡಿಯುತ್ತದೆ. ಇವೆರಡರ ನಡುವೆ ಟೇಪು ಸೆಕೆಂಡಿಗೆ 4.76 ಸೆಂ.ಮೀ.ನಂತೆ ಹೊರಬರುತ್ತದೆ. ಬಲಗಡೆಯ ಚಕ್ರದ ಕೆಲಸ, ಬಂದದ್ದನ್ನು ತಡಮಾಡದೆ ಸುತ್ತಿಕೊಳ್ಳುವುದು. ಅದು ಒಂದು ಕ್ಷಣ ಸೋಮಾರಿಯಾದರೆ ಟೇಪು ಅಲ್ಲೇ ಮಡಿಕೆ ಬಿದ್ದು ಕ್ಯಾಪ್‌ಸ್ಟನ್ನಿಗೆ ಸುತ್ತಿಕೊಳ್ಳುತ್ತದೆ.

ಸೆಟ್ಟಿಗೆ ಕರೆಂಟ್ ಕೊಡದೆ ಪ್ಲೇ ಕೀ ಒತ್ತಿ, ಹೆಡ್ ಮುಂದೆ ಬಂದಿರುವಾಗ ಐಪಿಎ ಬಡ್ಸಿನಿಂದ ಹೆಡ್ಡಿನ ಮುಖವನ್ನು ಟೇಪು ಓಡುವ ದಿಕ್ಕಿನಲ್ಲೇ ಒರೆಸಿ. ಕಂದು ಬಣ್ಣ ಬರುವುದು ನಿಂತ ಮೇಲೂ ಇನ್ನೊಂದು ಬಡ್ಸ್. ಆಮೇಲೆ ಕ್ಯಾಪ್‌ಸ್ಟನ್. ಅದರ ಸುತ್ತ ಟೇಪಿನ ಅಗಲಕ್ಕೆ ಸರಿಯಾಗಿ ಒಂದು ಕಂದು ಉಂಗುರ ಕಟ್ಟಿರುತ್ತದೆ. ದೀಪ ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ, ಉಗುರಿಗೆ ಗಟ್ಟಿಯಾಗಿ ತಾಗುತ್ತದೆ. ಟೇಪಿಗೆ ಅಂಟಿನಂತಾಗುವುದು ಇದೇ. ಬಡ್ಸ್ ಒತ್ತಿಹಿಡಿದು ಫ್ಲೈವೀಲನ್ನು ತಿರುಗಿಸುತ್ತಾ ಉಕ್ಕು ಕನ್ನಡಿಯಂತಾಗುವವರೆಗೆ ಒರೆಸಿ. ಬ್ಲೇಡಿನಿಂದ ಕೆರೆಯಬೇಡಿ.

ಪಿಂಚ್ ರೋಲರನ್ನು ಐಪಿಎಯಿಂದ ಒಂದೆರಡು ಸಲ ಒರೆಸಿ, ತಕ್ಷಣ ಒಣಬಟ್ಟೆಯಿಂದ ಒರೆಸಿದರೆ ತೊಂದರೆಯಿಲ್ಲ, ನೆನೆಸಿಡಬಾರದು. ಒರೆಸಿದ ಮೇಲೆ ರಬ್ಬರ್ ಮಂಕಾಗಿ, ಬೆರಳಿಗೆ ಸ್ವಲ್ಪ ಹಿಡಿತ ಕೊಡುವಂತಿರಬೇಕು. ಕೇರಂ ಪಾನಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ ಬಹಳ ನುಣುಪಾದ ಮರಳುಕಾಗದವನ್ನು ಅದರ ಸುತ್ತ ಒಂದೆರಡು ಸುತ್ತು ಮೆಲ್ಲಗೆ ಆಡಿಸಬಹುದು. ಬಿರುಕಿದ್ದರೆ, ನಡು ತಗ್ಗಿದ್ದರೆ, ಓರೆಯಾಗಿ ಅಲುಗಾಡುತ್ತಿದ್ದರೆ ಬದಲಿಸಲೇಬೇಕು. ಓರೆಯಾದ ರೋಲರ್ ಟೇಪನ್ನು ನೇರವಾಗಿ ಬಿಡದೆ ಮೇಲಕ್ಕೋ ಕೆಳಕ್ಕೋ ಹತ್ತಿಸುತ್ತದೆ, ಟೇಪಿನ ಅಂಚು ಸೀರೆಯ ನೆರಿಗೆಯಂತಾಗುತ್ತದೆ. ಆ ನೆರಿಗೆ ಆಮೇಲೆ ಹೋಗುವುದಿಲ್ಲ.

ಹಂತ 7: ಕ್ಯಾಸೆಟ್ ಇಲ್ಲದೆ ಒಂದು ಪರೀಕ್ಷೆ, ಹಾಳು ಕ್ಯಾಸೆಟ್ಟಿನಿಂದ ಇನ್ನೊಂದು

ಖಾಲಿ ಸೆಟ್ಟನ್ನು ಪ್ಲೇಗೆ ಹಾಕಿ. ಬಲಗಡೆಯ ಚಕ್ರವನ್ನು ಎರಡು ಬೆರಳಿನಿಂದ ಹಗುರವಾಗಿ ಹಿಡಿಯಿರಿ. ಅದು ನಿಲ್ಲಬೇಕು, ಆದರೆ ಬೆರಳನ್ನು ಎಳೆಯುತ್ತಿರುವ ಅನುಭವ ಆಗುತ್ತಿರಬೇಕು, ಬಿಟ್ಟ ಕ್ಷಣ ಹೊರಡಬೇಕು. ಮುಟ್ಟಿದರೆ ಸಾಕು ನಿಂತು, ಬಿಟ್ಟ ಮೇಲೂ ತಡವರಿಸಿದರೆ ಒಳಗಿನ ಜಾರು ಕ್ಲಚ್ ಸೋತಿದೆ ಅಥವಾ ರಬ್ಬರ್ ಟೈರಿನ ಸಣ್ಣ ಚಕ್ರ ಜಿಡ್ಡಾಗಿದೆ. ಟೈರನ್ನು ಐಪಿಎಯಿಂದ ಒರೆಸಿ. ಕ್ಲಚ್ಚಿನ ಉಣ್ಣೆಬಿಲ್ಲೆಗೆ ಎಣ್ಣೆ ಹಾಕಿದರೆ ಕಥೆ ಮುಗಿಯಿತು.

ಈಗ ಹಾಳು ಸಿ-60 ಹಾಕಿ, ಬಾಗಿಲಿನ ಮುಚ್ಚಳ ಕಳಚಲು ಬಂದರೆ ಕಳಚಿ, ಕಣ್ಣಿಟ್ಟು ನೋಡಿ. ರೋಲರಿನಿಂದ ಹೊರಬರುವ ಟೇಪು ಬಿಗಿಯಾಗಿ, ಅಲುಗಾಡದೆ ಹೋಗಬೇಕು. ಕ್ಯಾಸೆಟ್ಟಿನ ಆರಂಭ, ನಡು, ಕೊನೆ ಮೂರೂ ಕಡೆ ಹತ್ತು ಹತ್ತು ನಿಮಿಷ ಓಡಿಸಿ. ಬಲಗಡೆಯ ಸುರುಳಿ ದಪ್ಪವಾದಷ್ಟೂ ಕ್ಲಚ್ಚಿಗೆ ಕೆಲಸ ಹೆಚ್ಚು, ಆದ್ದರಿಂದ ಆರಂಭದಲ್ಲಿ ಚೆನ್ನಾಗಿ ಓಡಿದ ಸೆಟ್ಟು ಕೊನೆಯ ಹತ್ತು ನಿಮಿಷದಲ್ಲಿ ರೀಲು ನುಂಗುವುದುಂಟು.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ಅಗ್ಗದ ಸೆಟ್ಟುಗಳಲ್ಲಿ ಹಳೆಯದನ್ನು ಅಳಿಸುವ ಹೆಡ್ ಎಂದರೆ ಒಂದು ಸಣ್ಣ ಕಾಯಂ ಅಯಸ್ಕಾಂತ. ರೆಕಾರ್ಡ್ ಒತ್ತಿದಾಗ ಮಾತ್ರ ಅದು ಟೇಪಿಗೆ ತಾಗಬೇಕು. ಅದರ ತೋಳಿನ ಗ್ರೀಸ್ ಗಟ್ಟಿಯಾಗಿ ಅರ್ಧದಲ್ಲೇ ನಿಂತಿದ್ದರೆ ಪ್ಲೇ ಮಾಡುವಾಗಲೂ ಅಳಿಸುತ್ತಾ ಹೋಗುತ್ತದೆ. ಹಾಡಿರುವ ಹಾಳು ಕ್ಯಾಸೆಟ್ಟಿನ ಒಂದೇ ತುಣುಕನ್ನು ಎರಡು ಸಲ ಕೇಳಿ. ಎರಡನೇ ಸಲ ದನಿ ಕುಂದಿದ್ದರೆ ಆ ತೋಳನ್ನು ಸಡಿಲಿಸದೆ ಮುಂದೆ ಹೋಗಬೇಡಿ.

ಹಂತ 8: ವೇಗ

ಮೋಟರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು, ಅದರೊಳಗೆ ತಿರುಗಣಿ. ಪ್ಲಾಸ್ಟಿಕ್ ಡ್ರೈವರನ್ನೇ ಬಳಸಿ, ಕಬ್ಬಿಣದ್ದು ಒಳಗಿನ ಸರ್ಕ್ಯೂಟನ್ನು ಮೋಟರಿನ ಮೈಗೆ ತಾಗಿಸಿ ಸುಡಬಹುದು. ಸೆಟ್ಟು 15 ನಿಮಿಷ ಓಡಿ ಬಿಸಿಯಾದ ಮೇಲೆ, ಕ್ಯಾಸೆಟ್ಟಿನ ನಡುಭಾಗದಲ್ಲಿ ಅಳೆಯಿರಿ.

ಸರಿಯಾದ ಮಾರ್ಗ 3000 ಅಥವಾ 3150 ಹರ್ಟ್ಸ್ ಸ್ವರ ತುಂಬಿದ ಪರೀಕ್ಷಾ ಕ್ಯಾಸೆಟ್. ಮೊಬೈಲಿನ ಟ್ಯೂನರ್ ಆ್ಯಪಿನಲ್ಲಿ 3000ರ ಬದಲು 2970 ಕಂಡರೆ 1 ಶೇಕಡಾ ನಿಧಾನ. ತಿರುಗಣಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಕಾಯಿರಿ, ಮತ್ತೆ ನೋಡಿ. 1 ಶೇಕಡಾದೊಳಗೆ ಬಂದರೆ ಈ ವರ್ಗದ ಸೆಟ್ಟಿಗೆ ಸಾಕು.

ಪರೀಕ್ಷಾ ಕ್ಯಾಸೆಟ್ ಇಲ್ಲವೆಂದು ಅದೇ ಸೆಟ್ಟಿನಲ್ಲಿ 3000 ಹರ್ಟ್ಸ್ ರೆಕಾರ್ಡ್ ಮಾಡಿಕೊಂಡು ಅದರಲ್ಲೇ ಪ್ಲೇ ಮಾಡಿ ನೋಡುತ್ತಾರೆ. ನಿಧಾನವಾಗಿ ಬರೆದದ್ದನ್ನು ಅಷ್ಟೇ ನಿಧಾನವಾಗಿ ಓದಿದರೆ ಉತ್ತರ ಯಾವಾಗಲೂ 3000! ಬದಲಿಗೆ ಕಂಪನಿ ಕ್ಯಾಸೆಟ್ಟಿನ (ಕಂಪನಿಯವರೇ ಹಾಡು ತುಂಬಿ ಮಾರಿದ್ದರ) ಒಂದು ಹಾಡನ್ನು ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಸ್ಟಾಪ್‌ವಾಚಿನಲ್ಲಿ ಅಳೆದು, ಅದೇ ಹಾಡಿನ ಡಿಜಿಟಲ್ ಪ್ರತಿಯೊಂದಿಗೆ ಹೋಲಿಸಿ. 300 ಸೆಕೆಂಡಿನ ಹಾಡು 309 ಆದರೆ ಸುಮಾರು 3 ಶೇಕಡಾ ನಿಧಾನ. ಕ್ಯಾಸೆಟ್ ಪ್ರತಿ ತೆಗೆಯುವಾಗಲೇ ವೇಗ ಏರುಪೇರಾಗಿರಬಹುದು, ಆದ್ದರಿಂದ ಬೇರೆಬೇರೆ ಕಂಪನಿಗಳ ಮೂರು ಕ್ಯಾಸೆಟ್ಟುಗಳಲ್ಲಿ ನೋಡಿ ಸರಾಸರಿ ಹಿಡಿಯಿರಿ. ಸಂಗೀತ ಬಲ್ಲವರಿಗೆ ಇನ್ನೊಂದು ಅಂದಾಜು: 6 ಶೇಕಡಾ ವ್ಯತ್ಯಾಸ ಎಂದರೆ ಶ್ರುತಿ ಅರ್ಧ ಮನೆ ಸರಿದಂತೆ.

ಮನೆಯ ರೆಕಾರ್ಡಿಂಗಿನಲ್ಲಿ ಸೇರಿಕೊಂಡ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಅಳತೆಗೋಲು ಮಾಡಿಕೊಳ್ಳುವ ಉಪಾಯವೂ ಉಂಟು. ನಮ್ಮಲ್ಲಿ ಅದನ್ನು ನಂಬಲಾಗದು, ಆ ದಶಕಗಳಲ್ಲಿ ಗ್ರಿಡ್ಡೇ 50ಕ್ಕಿಂತ ಕೆಳಗೆ ಓಡುವುದು ಸಾಮಾನ್ಯವಾಗಿತ್ತು.

ವೇಗ ಆರಂಭದಲ್ಲಿ ಸರಿಯಿದ್ದು ಕೊನೆಗೆ ಬೀಳುತ್ತಿದ್ದರೆ ತಿರುಗಣಿ ಮುಟ್ಟಬೇಡಿ. ಬೆಲ್ಟೋ ರೋಲರೋ ಜಾರುತ್ತಿದೆ, 5 ಅಥವಾ 6ನೇ ಹಂತಕ್ಕೆ ಹಿಂತಿರುಗಿ.

ಹಂತ 9: ಹೆಡ್ಡಿನ ಓರೆ

ಹೆಡ್ಡಿನ ಎರಡೂ ಪಕ್ಕಕ್ಕೆ ಒಂದೊಂದು ಸ್ಕ್ರೂ. ಕೆಳಗೆ ಸ್ಪ್ರಿಂಗ್ ಇರುವ, ತಲೆಯ ಮೇಲೆ ಬಣ್ಣದ ಚುಕ್ಕಿ ಇರುವ ಸ್ಕ್ರೂ ಓರೆಯನ್ನು ಸರಿಪಡಿಸುವುದು, ಇದಕ್ಕೆ ಅಜಿಮತ್ ಎನ್ನುತ್ತಾರೆ. ಇನ್ನೊಂದನ್ನು ಮುಟ್ಟಬೇಡಿ. 10,000 ಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಮಾತ್ರ ಉದ್ದ. ಹಾಗಾಗಿ ಹೆಡ್ ಸ್ವಲ್ಪ ಓರೆಯಾದರೂ ಮೊದಲು ಮಾಯವಾಗುವುದು ತಾಳದ ಕಿಣಿ, ಸ, ಶಗಳ ಸ್ಪಷ್ಟತೆ.

ಒಳ್ಳೆಯ ಕಂಪನಿ ಕ್ಯಾಸೆಟ್ ಹಾಕಿ, ಟೋನ್ ಪೂರ್ತಿ ಏರಿಸಿ, ಎರಡೂ ಚಾನೆಲ್ ಸೇರಿಸಿ ಮೊನೊ ಆಗಿ ಕೇಳಿ. ಸ್ಕ್ರೂವನ್ನು ಆ ಕಡೆಗೆ ಕಾಲು ಸುತ್ತು, ಈ ಕಡೆಗೆ ಕಾಲು ಸುತ್ತು ತಿರುಗಿಸುತ್ತಾ ತಾಳ ಅತಿ ಚುರುಕಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಮೂಲ ಜಾಗವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮುಂದಿನ ಹಂತಗಳೂ ಮುಗಿದ ಮೇಲೆ, ಸ್ಕ್ರೂ ಅಲುಗದಂತೆ ಒಂದು ಹನಿ ಉಗುರುಬಣ್ಣ.

ಹೆಡ್ ಸ್ವಚ್ಛ ಮಾಡದೆ ಇದನ್ನು ಮಾಡುವುದು ಕನ್ನಡಕ ಒರೆಸದೆ ಕಣ್ಣು ಪರೀಕ್ಷೆ ಮಾಡಿಸಿದಂತೆ. ಎಲ್ಲಿ ತಿರುಗಿಸಿದರೂ ದನಿ ಮಂಕಾಗಿಯೇ ಇದ್ದು, ಹೆಡ್ಡಿನ ಮುಖದಲ್ಲಿ ಟೇಪಿನ ಅಗಲದ ಪಾತಿ ಸವೆದಿರುವುದು ಕಂಡರೆ ಮಾತ್ರ ಹೆಡ್ ಬದಲಿಸುವ ಮಾತು.

ಹಂತ 10: ಬೇಕಾದ ಕ್ಯಾಸೆಟ್ಟನ್ನು ಸಿದ್ಧಪಡಿಸುವುದು

ಯಕ್ಷಗಾನದ ರಾತ್ರಿ, ಮದುವೆಯ ಹಾಡು, ಅಜ್ಜನ ಹರಿಕಥೆ ಹೀಗೆ ಇನ್ನೊಂದು ಪ್ರತಿ ಇಲ್ಲದ್ದಾದರೆ ಮೊದಲು ಬೆನ್ನಿನ ಎರಡೂ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಟೇಪು ಕಾಣುವ ಬದಿ ಕೆಳಗಿರುವಂತೆ ಹಿಡಿದರೆ ಮೇಲಿನ ಎಡಗಡೆಯ ಚೂರು ನಿಮ್ಮ ಮುಂದಿರುವ ಬದಿಯದ್ದು. ಅದು ಹೋದರೆ ರೆಕಾರ್ಡ್ ಕೀ ಇಳಿಯುವುದಿಲ್ಲ.

ಕಿಟಕಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಸೆಟ್ಟಿಗೆ ಹಾಕಲೇಬೇಡಿ. ಕರಾವಳಿ, ಮಲೆನಾಡಿನ ಕ್ಯಾಸೆಟ್ಟುಗಳಲ್ಲಿ ಇದು ತೀರಾ ಸಾಮಾನ್ಯ, ಒಂದರಿಂದ ಹೆಡ್ಡಿಗೆ, ಹೆಡ್ಡಿನಿಂದ ಮುಂದಿನದಕ್ಕೆ ಹಬ್ಬುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಹೊರಗೆ ಕೂತು, ಸ್ಕ್ರೂ ಬಿಚ್ಚಿ, ಮೆತ್ತನೆಯ ಒಣ ಬ್ರಷ್ಷಿನಿಂದ ಸುರುಳಿಯ ಅಂಚನ್ನು ಗುಡಿಸಿ, ಹಾಳು ಸಿ-60ಯ ಸ್ವಚ್ಛ ಕವಚಕ್ಕೆ ವರ್ಗಾಯಿಸಿ. ಎರಡೂ ಮೂಲೆಯ ಉರುಳೆ, ಎರಡು ಜಾರುಹಾಳೆ, ನಡುವಿನ ಸ್ಪ್ರಿಂಗ್ ಮೇಲಿನ ಉಣ್ಣೆಯ ತುಂಡು ಎಲ್ಲವೂ ಜಾಗದಲ್ಲಿವೆಯೇ ನೋಡಿ. ಆ ಉಣ್ಣೆಯ ತುಂಡು ಉದುರಿದ ಕ್ಯಾಸೆಟ್ಟಿನಲ್ಲಿ ದನಿ ಬಂದು ಹೋಗಿ ಮಾಡುತ್ತದೆ. ಟೇಪಿನಲ್ಲಿ ಒಂದು ತಿರುಚು ಬಿದ್ದರೂ ದನಿ ಮುಚ್ಚಿಹೋಗುತ್ತದೆ.

ತುಂಡಾದ ಟೇಪಿಗೆ ಸ್ಪ್ಲೈಸಿಂಗ್ ಟೇಪೇ ಬೇಕು. ಎರಡೂ ತುದಿ ಒಟ್ಟಿಗೆ ಓರೆಯಾಗಿ ಕತ್ತರಿಸಿ, ಹೆಡ್ಡಿಗೆ ತಾಗದ ಬದಿಗೆ ಅಂಟಿಸಿ, ಹೊರಗೆ ಚಾಚಿದ ಅಂಚು ಕತ್ತರಿಸಿ. ಪಾರ್ಸೆಲ್ಲಿಗೆ ಹಚ್ಚುವ ಗಮ್ ಟೇಪಿನ ಅಂಟು ಬಿಸಿಲಿಗೆ ಕರಗಿ ಪಕ್ಕದ ಸುತ್ತಿಗೂ ಹತ್ತುತ್ತದೆ.

ಕೊನೆಗೆ ಆರುಮೂಲೆಯ ಪೆನ್ಸಿಲಿನಿಂದ ಹತ್ತು ಸುತ್ತು ಕೈಯಲ್ಲೇ ಸುತ್ತಿ ಬಿಗಿ ನೋಡಿ, ಸೆಟ್ಟಿನಲ್ಲಿ ಒಮ್ಮೆ ಪೂರಾ ಮುಂದಕ್ಕೆ, ಪೂರಾ ಹಿಂದಕ್ಕೆ ಓಡಿಸಿ. ಪ್ಲೇ ಅದಾದ ಮೇಲೆ.

ಹಂತ 11: ಕಂಪ್ಯೂಟರಿಗೆ ಇಳಿಸುವುದು

ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ. ಲ್ಯಾಪ್‌ಟಾಪಿನಲ್ಲಿರುವ ಒಂದೇ ತೂತು ಸಾಮಾನ್ಯವಾಗಿ ಇಯರ್‌ಫೋನಿಗೂ ಮೈಕಿಗೂ ಸೇರಿದ್ದು, ಅದರ ಮೈಕಿನ ದಾರಿ ಮೊನೊ, ಅದರಲ್ಲಿ ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಅಡಾಪ್ಟರ್ ಕೊಳ್ಳಿ. ಸೆಟ್ಟಿನ ಟೋನ್ ನಡುವಿನಲ್ಲಿರಲಿ. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. ಗುಂಯ್ ಎಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ.

44,100 ಹರ್ಟ್ಸ್, 16 ಬಿಟ್ ಸ್ಟೀರಿಯೊ ವೇವ್ ಕಡತಕ್ಕೆ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಸಿ-60ಕ್ಕೆ 600 ಎಂಬಿಗೂ ಸ್ವಲ್ಪ ಹೆಚ್ಚು. ಎಂಪಿ3 ಹಂಚುವುದಕ್ಕೆ ಮಾತ್ರ, ಇಟ್ಟುಕೊಳ್ಳಲು ವೇವ್ ಅಥವಾ ಫ್ಲ್ಯಾಕ್. ಮನೆಯ ರೆಕಾರ್ಡಿಂಗನ್ನು ಓರೆ ಹೆಡ್ಡಿನ ಸೆಟ್ಟಿನಲ್ಲಿ ಮಾಡಿರಬಹುದು. ಆಗ ಅಜಿಮತ್ತನ್ನು ಆ ಕ್ಯಾಸೆಟ್ಟಿಗೆ ಹೊಂದಿಸಿ, ಮುಗಿದ ಮೇಲೆ ಹಂತ 9ರಲ್ಲಿ ನಿಲ್ಲಿಸಿದ್ದ ಜಾಗಕ್ಕೇ ತನ್ನಿ. ಉಗುರುಬಣ್ಣವನ್ನು ಈ ಕೆಲಸವೆಲ್ಲ ಮುಗಿಯುವವರೆಗೆ ತಡೆಹಿಡಿಯುವುದೇ ಜಾಣತನ.

ಹಂತ 12: ಹಳೆಯ ಕಂಪ್ಯೂಟರಿನ ಪ್ರೋಗ್ರಾಂ ಕ್ಯಾಸೆಟ್ ಆದರೆ

1983ರ ಟಿಆರ್‌ಎಸ್-80 ಮಾಡೆಲ್ 100ರಂಥ ಮಡಿಲ ಮೇಲಿಡುವ ಕಂಪ್ಯೂಟರುಗಳು ಪ್ರೋಗ್ರಾಮುಗಳನ್ನು ಇದೇ ಕ್ಯಾಸೆಟ್ಟುಗಳಲ್ಲಿ ಇಡುತ್ತಿದ್ದವು. ಕಂಪ್ಯೂಟರನ್ನು ಚಾಲೂ ಮಾಡುವ ಮೊದಲೇ ಅದನ್ನು ಬಿಚ್ಚಿ ನೋಡಿ: ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲದೆ, ನೆನಪು ಉಳಿಸಲೆಂದು ಬೋರ್ಡಿನ ಮೇಲೆಯೇ ಬೆಸೆದ ಒಂದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಅದರಲ್ಲಿದೆ. ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಕಂಡರೆ ಬ್ಯಾಟರಿ ಕತ್ತರಿಸಿ ತೆಗೆದು, ಹಂತ 1ರಲ್ಲಿ ಹೇಳಿದ ವಿನೆಗರ್ ಚಿಕಿತ್ಸೆ ಮಾಡಿ.

ಪ್ರೋಗ್ರಾಂ ಕ್ಯಾಸೆಟ್ಟಿಗೆ ಡಾಲ್ಬಿ ಬೇಡ, ಸದ್ದು ತಗ್ಗಿಸುವ ಯಾವ ಫಿಲ್ಟರೂ ಬೇಡ, ಎಂಪಿ3ಯಂತೂ ಬೇಡವೇ ಬೇಡ. ಮನುಷ್ಯನ ಕಿವಿ ಕ್ಷಮಿಸುವುದನ್ನು ಕಂಪ್ಯೂಟರ್ ಕ್ಷಮಿಸುವುದಿಲ್ಲ, ಒಂದು ಚಿಟಿಕೆ ದನಿ ತಪ್ಪಿದರೂ ಲೋಡ್ ಅಲ್ಲಿಗೇ ನಿಲ್ಲುತ್ತದೆ. ವಾಲ್ಯೂಮ್ 10ರಲ್ಲಿ 5ರಿಂದ ಶುರುಮಾಡಿ, ಲೋಡ್ ಆಗದಿದ್ದರೆ ಅರ್ಧರ್ಧ ಏರಿಸುತ್ತಾ ಹೋಗಿ. ಯಾವ ವಾಲ್ಯೂಮಿಗೂ ಆಗದಿದ್ದರೆ ಅಜಿಮತ್ತನ್ನು ನೋಡಿ. ಸೆಟ್ಟಿನ ಆರ್‌ಇಎಂ ಎಂದು ಬರೆದಿರುವ ಸಣ್ಣ ತೂತಿಗೆ ಕಂಪ್ಯೂಟರಿನ ವೈರ್ ಚುಚ್ಚಿದ್ದರೆ ಮೋಟರ್ ಕಂಪ್ಯೂಟರ್ ಹೇಳಿದಾಗ ಮಾತ್ರ ತಿರುಗುತ್ತದೆ. ಹಿಂದಕ್ಕೆ ಸುತ್ತುವುದಕ್ಕೆ ಅದನ್ನು ಕಿತ್ತುಕೊಳ್ಳಬೇಕು. ಇದು ಗೊತ್ತಿಲ್ಲದೆ ಮೋಟರ್ ಸತ್ತಿದೆ ಎಂದು ಮತ್ತೆ ಹಂತ 4ಕ್ಕೆ ಹೋಗಬೇಡಿ.

ಹೊಸದಾಗಿ ಉಳಿಸುವಾಗ ಗಿಡ್ಡ ಕ್ಯಾಸೆಟ್ ಬಳಸಿ, ಸಿ-90ರ ತೆಳು ಟೇಪು ಬೇಡ. ಆರಂಭದ ಬರಿ ಪ್ಲಾಸ್ಟಿಕ್ ತುಂಡು ದಾಟುವವರೆಗೆ ಹತ್ತು ಸೆಕೆಂಡು ಓಡಿಸಿ ಆಮೇಲೆ ಸೇವ್ ಕೊಡಿ. ಅದೇ ಪ್ರೋಗ್ರಾಮನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ಬರೆದು, ಲೋಡ್ ಆಜ್ಞೆಯ ಕೊನೆಗೆ ಪ್ರಶ್ನಾರ್ಥಕ ಹಾಕಿ ನೆನಪಿನಲ್ಲಿರುವುದಕ್ಕೂ ಟೇಪಿನಲ್ಲಿರುವುದಕ್ಕೂ ಹೋಲಿಸಿ ನೋಡಿದ ಮೇಲೆಯೇ ಕಂಪ್ಯೂಟರ್ ಆರಿಸಿ.